ಗೋಡೆಗೂ ಜೋಕಾಲಿಗೂ ನಡುವೆ

ನಾಗರ ಪಂಚಮಿಯ ಬೆಳಿಗ್ಗೆ ಗಬ್ಬೂರಿನ ಹುಣಸೆ ಮರದ ಬುಡಕ್ಕೆ ಎರಡು ಸಾಮಾನು ಒಟ್ಟಿಗೇ ಬಂದು ಇಳಿದವು. ಒಂದು ಜೋಕಾಲಿಯ ಹಗ್ಗ, ಇನ್ನೊಂದು ಮರ ಕೊಯ್ಯುವ ಮಷಿನ್. ಹಗ್ಗ ಹೊತ್ತು ತಂದವಳು ಗೌರಕ್ಕ, ಮಷಿನ್ ತಂದವನು ಹಜರತಅಲಿ. ಯಾರು ಮೊದಲು ಕೆಲಸ ಶುರು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಹಾಗಾಗಿ ಇಬ್ಬರೂ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತರು.

"ಅಕ್ಕಾರ, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ," ಅಂದ ಹಜರತಅಲಿ. "ಕುಬೇರಪ್ಪ ಸಾಹುಕಾರ್ರು ಕರದ್ರು, ಬಂದೆ. ಹಬ್ಬದ ದಿನ ಮರಕ್ಕ ಕೈ ಹಚ್ಚಾಕ ನನಗೂ ಮನಸ್ಸಿಲ್ಲ."

"ನಿನ್ನ ಮ್ಯಾಲೆ ಯಾಕ ಸಿಟ್ಟೋ ತಮ್ಮಾ? ನಿನ್ನ ಮಷಿನ್ನಿನ ಮ್ಯಾಲೆ ಐತಿ," ಅಂದಳು ಗೌರಕ್ಕ.

ಹುಬ್ಬಳ್ಳಿ ಬೆಳೆದು ಬೆಳೆದು ಗಬ್ಬೂರನ್ನು ನುಂಗಿ ನೀರು ಕುಡಿದು ಎಷ್ಟೋ ಕಾಲವಾಯಿತು. ಹೊಲಗಳಿದ್ದಲ್ಲಿ ಬೈಪಾಸ್ ರಸ್ತೆ ಬಂತು, ಬಣವೆಗಳಿದ್ದಲ್ಲಿ ಗ್ಯಾರೇಜುಗಳು ಎದ್ದವು. ಆದರೂ ಈ ಓಣಿಯ ಹುಣಸೆ ಮರಕ್ಕೆ ಪಂಚಮಿಗೆ ದೊಡ್ಡ ಜೋಕಾಲಿ ಬೀಳುವುದು ಮಾತ್ರ ಒಂದು ವರ್ಷವೂ ತಪ್ಪಿರಲಿಲ್ಲ. ಗಂಡನ ಮನೆಯಿಂದ ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು ಉಂಡಿ ತಿಂದ ಕೈ ಸೀರೆಗೆ ಒರೆಸಿಕೊಂಡು ಮಣೆ ಹತ್ತಿ ನಿಂತು ಜೀಕಿದರೆಂದರೆ, ಅತ್ತೆ, ಮಾವ, ಗಂಡ, ಸಾಲಸೋಲ ಎಲ್ಲ ಕೆಳಗೆ ಉಳಿದುಬಿಡುತ್ತಿತ್ತು. ಈ ವರ್ಷ ಅದಕ್ಕೆ ಕಂಟಕ ಬಂದಿತ್ತು. ಮರದ ಎದುರಿಗೆ ಓಣಿಯವರೇ ಸೇರಿ ಕಟ್ಟಿಸುತ್ತಿದ್ದ ಸಭಾಭವನದ ಗೋಡೆ ಎರಡಾಳೆತ್ತರ ಎದ್ದು ನಿಂತಿತ್ತು. ಜೋಕಾಲಿ ಮುಂದಕ್ಕೆ ಹೋದರೆ ಸೀದಾ ಆ ಗೋಡೆಯ ಮುಖಕ್ಕೇ ಹೋಗುತ್ತಿತ್ತು.

ಕುಬೇರಪ್ಪ ಹತ್ತಿ ವ್ಯಾಪಾರಿ, ಭವನದ ಕಮಿಟಿಗೆ ಹಿರಿಯ. ಕೆಟ್ಟವನೇನಲ್ಲ, ಆದರೆ ಹುಟ್ಟಾ ಅಂಜುಬುರುಕ. ಜೀಕುವವರ ಕಾಲು ಗೋಡೆಗೆ ಬಡಿದು ಮುರಿದರೆ ಹೊಣೆ ಯಾರು ಎನ್ನುವ ಚಿಂತೆಯಲ್ಲಿ ಅವನಿಗೆ ಶ್ರಾವಣದ ಉಪವಾಸ ಮೊದಲೇ ಶುರುವಾಗಿತ್ತು. ಜೋಕಾಲಿಗೂ ಗೋಡೆಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂದು ಕೇಳಿದರೆ ಹತ್ತು ಜನ ಹತ್ತು ಮಾತು ಹೇಳಿದರು. ಎರಡು ಅಡಿ ಅಂದವರೂ ಇದ್ದರು, ಹನ್ನೆರಡು ಅಂದವರೂ ಇದ್ದರು. ಹೋದ ವಾರ ಪರೀಕ್ಷೆಗೆಂದು ಜೋಕಾಲಿ ಕಟ್ಟಿಸಿ, ಕುಬೇರಪ್ಪ ತಾನೇ ಅಳತೆ ಟೇಪು ಹಿಡಿದು ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ಅವನ ಸೊಸೆ ಉಮಾಶ್ರೀ, ಓಣಿಯಲ್ಲಿ ಈಗ ಎಲ್ಲರಿಗಿಂತ ಮೇಲೆ ಜೀಕುವವಳು, ಒಂದೇ ಒಂದು ಜೀಕು ಜೀಕಿದಳು. ಸೊಸೆಯ ಎರಡೂ ಪಾದ ಮುಖದತ್ತ ಬರುವುದನ್ನು ಕಂಡ ಕುಬೇರಪ್ಪ ಟೇಪು ಎಸೆದು "ಶಿವಾ ಶಿವಾ" ಎನ್ನುತ್ತ ಕೂತೇಬಿಟ್ಟ. ಅಡಿಯ ಲೆಕ್ಕ ಸಿಗಲಿಲ್ಲ, ಓಣಿಗೆ ವಾರವಿಡೀ ನಗು ಸಿಕ್ಕಿತು.

ಆ ನಗುವೇ ಅವನನ್ನು ಹಟಕ್ಕೆ ಕೆಡವಿತು. "ಎಷ್ಟ ಮ್ಯಾಲೆ ಜೀಕಿದ್ರೂ ಗೋಡಿಗೆ ಆರಡಿ ಖಾಲಿ ಉಳೀಬೇಕು. ಉಳೀತು ಅಂತ ಪಂಚಮಿ ದಿನ ನನಗ ಕಣ್ಣಾರೆ ತೋರಸ್ರಿ. ಇಲ್ಲಾಂದ್ರ ಆವತ್ತ ಟೊಂಗಿ ಕಡಸತೇನಿ. ಟೊಂಗಿ ಇದ್ರ ನೀವು ಕದ್ದು ಕಟ್ಟವರು," ಎಂದು ತೀರ್ಮಾನ ಕೊಟ್ಟ.

ಗೌರಕ್ಕನಿಗೆ ಆ ರಾತ್ರಿ ಊಟ ಸೇರಿರಲಿಲ್ಲ. ಅವಳಿಗೆ ಯಾಕಿಷ್ಟು ಸಂಕಟ ಎಂದು ಯಾರಿಗಾದರೂ ಅನಿಸಬಹುದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ರೊಟ್ಟಿ ಬಡಿದು ವಿದ್ಯಾನಗರದ ಖಾನಾವಳಿಗಳಿಗೆ ಕೊಟ್ಟು ಬದುಕುವ ಹೆಂಗಸು ಅವಳು. ಜೋಕಾಲಿ ಹತ್ತಿ ವರ್ಷಗಳೇ ಆಗಿದ್ದವು. ಹುಡುಗಿಯಾಗಿದ್ದಾಗ ಇದೇ ಮರಕ್ಕೆ ಜೀಕಿ, ಗಳಕ್ಕೆ ಕಟ್ಟಿದ ಕೊಬ್ಬರಿ ಬಟ್ಟಲನ್ನು ಹಲ್ಲಿನಿಂದ ಕಚ್ಚಿ ತಂದವಳು. ಕೈಯ ಬಳೆ ಹೋದ ಮೇಲೆ ಜೋಕಾಲಿಯೂ ಹೋಯಿತು. ಹತ್ತಬ್ಯಾಡ ಅಂತ ಯಾರೂ ಅಂದಿರಲಿಲ್ಲ. ಬಾ, ಹತ್ತು ಅಂತಲೂ ಯಾರೂ ಅಂದಿರಲಿಲ್ಲ. ಅವಳೇ ತಿಳಿದುಕೊಂಡು ಹಿಂದೆ ಸರಿದಿದ್ದಳು.

ಆದರೆ ಹಗ್ಗ ಕಟ್ಟುವುದು ಮಾತ್ರ ಅವಳ ಪಾಲಿಗೇ ಉಳಿದಿತ್ತು. ಗೌರಕ್ಕ ಹಾಕಿದ ಗಂಟಲ್ಲದೆ ಬೇರೆ ಗಂಟಿನ ಮೇಲೆ ಓಣಿಯ ಹೆಣ್ಣುಮಕ್ಕಳು ಕಾಲಿಡುತ್ತಿರಲಿಲ್ಲ. ಗಂಟು ಹಾಕಿ ಆದಮೇಲೆ ಅವಳು ಎರಡೂ ಕೈಯಿಂದ ಹಗ್ಗ ಹಿಡಿದು, ನೆಲದಿಂದ ಕಾಲು ಎತ್ತಿ, ಮೈಭಾರ ಬಿಟ್ಟು ಒಂದು ಗಳಿಗೆ ತೂಗುತ್ತಿದ್ದಳು. ಹಗ್ಗ ನೋಡುವುದು ಅಂತ ಅದಕ್ಕೆ ಹೆಸರು. ವರ್ಷಕ್ಕೊಮ್ಮೆ ಆ ಒಂದು ಗಳಿಗೆ ಅವಳ ಕಾಲು ನೆಲ ಬಿಡುತ್ತಿತ್ತು. ಆ ಟೊಂಗೆ ಹೋದರೆ ಅದೂ ಹೋಗುತ್ತಿತ್ತು.

"ಅತ್ತೀ, ಹಗ್ಗ ಕಟ್ಟಲಿಲ್ಲೇನ ಇನ್ನೂ?"

ಕೂಗುತ್ತ ಓಡಿ ಬಂದವಳು ವಾಣಿಶ್ರೀ. ಗೌರಕ್ಕನ ಅಣ್ಣನ ಮಗಳು, ವಿದ್ಯಾನಗರದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಮೇಡಂ, ಗೌರಕ್ಕನ ಮನೆಯಲ್ಲೇ ಇರುವವಳು. ಅವಳು ಎದೆಗೆ ಅವಚಿಕೊಂಡ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗೆ ಮುಂದೆ ಎರಡು ದುಂಡನೆಯ ಕಣ್ಣು, ಹಿಂದೆ ಕೆಂಪು ಅಂಕಿ ಮೂಡುವ ಪಟ್ಟಿ. ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಯಾರಿಗೂ ಬಡಿಯದಿರಲಿ ಎಂದು ಮಾಡಿದ್ದ ಡಬ್ಬಿ ಅದು. ಹೋದ ವಾರ ಕುಬೇರಪ್ಪ ಟೇಪು ಎಸೆದದ್ದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕವಳು, ನಗು ನಿಂತ ಕೂಡಲೇ "ಅತ್ತಿ, ಓಡಾಡೂ ಸಾಮಾನಕ್ಕ ಟೇಪ್ ನಡಿಯೂದಿಲ್ಲ. ನನ್ನ ಡಬ್ಬಿ ನಡೀತೈತಿ!" ಎಂದು ಕುಣಿದಿದ್ದಳು.

ಅವತ್ತು ಅಡುಗೆಮನೆಯಲ್ಲೇ ಪರೀಕ್ಷೆ ನಡೆದಿತ್ತು. ರೊಟ್ಟಿ ಬಡಿಯುವ ಮಣೆಯನ್ನು ತೊಲೆಗೆ ನೇತುಹಾಕಿ, ಡಬ್ಬಿಯನ್ನು ಗೋಡೆಗೆ ಆನಿಸಿಟ್ಟು, ವಾಣಿಶ್ರೀ ಅತ್ತೆಗೆ ಅದರ ಗುಟ್ಟು ಹೇಳಿದ್ದಳು.

"ಈ ಡಬ್ಬಿ ಕೂಗತೈತಿ ಅತ್ತಿ. ಭಾಳ ಏರು ದನಿ, ಮನಷ್ಯಾರ ಕಿವಿಗೆ ನಿಲುಕೂದಿಲ್ಲ. ಆ ಕೂಗು ಹೋಗಿ ಮಣಿಗೆ ಬಡದು ಹೊಳ್ಳಿ ಬರತೈತಿ. ಲಗೂ ಬಂದ್ರ ಮಣಿ ಸನಿ ಐತಿ, ತಡ ಆದ್ರ ದೂರ ಐತಿ."

"ಬಾವ್ಯಾಗ ಬಗ್ಗಿ ಕೂ ಅಂದ್ರ ಹೊಳ್ಳಿ ಕೂ ಅಂತೈತಲ್ಲ, ಹಂಗ?"

"ಹಂಗ! ಆದ್ರ ಬಾವಿ ನಿಂತಲ್ಲೇ ನಿಂತಿರತೈತಿ, ಮಣಿ ಓಡಾಡತೈತಿ. ಅದಕ್ಕ ಇದು ಒಮ್ಮೆ ಕೂಗಿ ಸುಮ್ಮ ಕೂಡೂದಿಲ್ಲ. ನೀ ಒಂದ ಸಲ ಚಪ್ಪಾಳಿ ಹೊಡಿಯೂದರಾಗ ಹತ್ತಿಪ್ಪತ್ತ ಸಲ ಕೂಗಿ, ಅಷ್ಟೂ ಸಲ ಕಿವಿ ಕೊಡತೈತಿ. ಮಣಿ ಎಲ್ಲಿ ಹೋದ್ರೂ ಬೆನ್ನ ಬಿಡೂದಿಲ್ಲ."

ಗೌರಕ್ಕ ರೊಟ್ಟಿ ಮಣೆಯನ್ನು ತೂಗಿಬಿಟ್ಟಿದ್ದಳು. ಪಟ್ಟಿಯ ಮೇಲೆ ಕೆಂಪು ಅಂಕಿ ಇಳಿಯುತ್ತ ಬಂದು, ಏರುತ್ತ ಹೋಗಿ, ಮತ್ತೆ ಇಳಿದಿತ್ತು. ಒಲೆಯ ಮೇಲೆ ರೊಟ್ಟಿ ಸೀದು ಕರಿಯಾದರೂ ಇಬ್ಬರಿಗೂ ಎಚ್ಚರವಿರಲಿಲ್ಲ. ಆ ಸಂಜೆಯೆಲ್ಲ ತೂಗಿದರೂ ಡಬ್ಬಿ ಒಂದು ಸಲವೂ ತಪ್ಪು ಹೇಳಿರಲಿಲ್ಲ. ಅದಕ್ಕೇ ಇವತ್ತು ಗೌರಕ್ಕನಿಗೆ ಧೈರ್ಯವಿತ್ತು. ಗಟಗಟ ಚಹಾ ಕುಡಿದು ಎದ್ದಳು.

ಹಗ್ಗ ಬಿತ್ತು, ಗಂಟು ಬಿಗಿಯಿತು. ಗೌರಕ್ಕ ಜೋತುಬಿದ್ದು ಹಗ್ಗ ನೋಡಿದಳು, ಯಾವ ವರ್ಷಕ್ಕಿಂತಲೂ ತುಸು ಹೆಚ್ಚು ಹೊತ್ತೇ ನೋಡಿದಳು. ಮರ ಕೊಯ್ಯಲು ಬಂದ ಹಜರತಅಲಿಯ ಏಣಿಯನ್ನೇ ಇಸಿದುಕೊಂಡು ವಾಣಿಶ್ರೀ ಗೋಡೆ ಹತ್ತಿದಳು. ಜೋಕಾಲಿ ತುದಿ ಮುಟ್ಟುವ ಎತ್ತರಕ್ಕೆ, ಅದು ಬರುವ ದಿಕ್ಕಿಗೆ ಕಣ್ಣು ಮಾಡಿ ಡಬ್ಬಿ ಕಟ್ಟಿದಳು. ಕೆಂಪು ಅಂಕಿಯ ಪಟ್ಟಿಯನ್ನು ಉದ್ದ ವೈರಿನಿಂದ ಕೆಳಗೆ ಇಳಿಬಿಟ್ಟು ಕುಬೇರಪ್ಪನ ಕುರ್ಚಿಯ ಎದುರಿಗೇ ನಿಲ್ಲಿಸಿದಳು.

"ಕಾಕಾ, ಅಂಕಿ ನೀವ ನೋಡ್ರಿ. ಆರಡಿಗಿಂತ ಸನಿ ಬಂದ್ರ ಡಬ್ಬಿ ತಾನ ಒದರತೈತಿ."

"ಒದರಿದ್ರ?"

"ಒದರಿದ್ರ ಹಜರತಅಲಿಯಣ್ಣನ ಕೆಲಸ," ಅಂದಳು ವಾಣಿಶ್ರೀ. ಡಬ್ಬಿಯ ಮೇಲೆ ಅಷ್ಟು ನಂಬಿಕೆ ಅವಳಿಗೆ.

ಓಣಿಗೆ ಓಣಿಯೇ ಬಂದು ಗೋಡೆಯ ಬುಡಕ್ಕೆ ನೆರೆಯಿತು. ಹೊಸ ಸೀರೆ, ಹೊಸ ಬಳೆ, ಸೆರಗಿನ ತುದಿಯಲ್ಲಿ ಕಟ್ಟಿದ ಜೋಳದ ಅಳ್ಳು. ಉಮಾಶ್ರೀ ಮಣೆ ಹತ್ತಿ ಹಗ್ಗ ಹಿಡಿದು ಮೊಳಕಾಲು ಬಗ್ಗಿಸಿ ಜೀಕಿದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿ ಕೂಗಿದರು. ಜೋಕಾಲಿ ಇನ್ನೂ ಅರ್ಧ ಎತ್ತರಕ್ಕೂ ಹೋಗಿರಲಿಲ್ಲ, ಗೋಡೆಯ ಮೇಲೆ ಡಬ್ಬಿ ಕೀಯೋ ಎಂದು ಒದರಿತು.

"ಎರಡಡಿ!" ಕುಬೇರಪ್ಪ ಕುರ್ಚಿ ಬಿಟ್ಟು ಎದ್ದ. "ನಿಲ್ಲಸ್ರಿ! ಎರಡ ಅಡಿ ತೋರಸಾಕತ್ತೈತಿ!"

ಎರಡಡಿಯ ಮಾತೆಲ್ಲಿ ಬಂತು? ಉಮಾಶ್ರೀಗೂ ಗೋಡೆಗೂ ನಡುವೆ ಎತ್ತಿನ ಗಾಡಿ ನಿಲ್ಲಿಸುವಷ್ಟು ಜಾಗವಿತ್ತು. ವಾಣಿಶ್ರೀ ಏಣಿ ಹತ್ತಿ, ಒರೆಸಿ, ತಿರುವಿ, ಮತ್ತೆ ಹಚ್ಚಿದಳು. ಮತ್ತೆ ಒದರಿತು. ಜೋಕಾಲಿ ಹಿಂದಕ್ಕೆ ಹೋಗುತ್ತಿದ್ದಾಗಲೂ ಒದರಿತು.

"ಬೈಪಾಸಿನ ಲಾರಿ ಇರಬೇಕು ಕಾಕಾ," ಅಂದಳು ವಾಣಿಶ್ರೀ, ಮುಖ ಕೆಂಪಗೆ ಮಾಡಿಕೊಂಡು. "ಲಾರಿ ಬ್ರೇಕ್ ಹಾಕಿದಾಗ ಗಾಳಿ ಬುಸ್ಸಂತೈತಲ್ಲ, ಅದರಾಗ ನಮಗ ಕೇಳದ ದನಿನೂ ಇರತಾವು. ಒಂದಿಷ್ಟ ತಡೀರಿ."

ತಡೆದರು. ಲಾರಿ ಇಲ್ಲದ ಹೊತ್ತು ನೋಡಿ ಜೀಕಿಸಿದರು. ಆಗಲೂ ಡಬ್ಬಿ ಒದರಿತು. ಯಾರೋ ಕಿಸಕ್ಕನೆ ನಕ್ಕರು. ಕುಬೇರಪ್ಪನಿಗೆ ಹೋದ ವಾರದ ನಗುವಿನ ಬಡ್ಡಿ ವಸೂಲಿಯಾಗುತ್ತಿತ್ತು.

"ಕುಣೀಲಾರದಾಕಿ ನೆಲಾ ಡೊಂಕ ಅಂದಳಂತ. ಲಾರಿ ಅಂತ, ಬ್ರೇಕ್ ಅಂತ! ತಂಗೀ, ನೀ ಅಂದಿದ್ದಿ, ಡಬ್ಬಿ ಒದರಿದ್ರ ಟೊಂಗಿ ಕಡೀರಿ ಅಂತ. ಹಜರತಅಲೀ, ಶುರು ಮಾಡು."

ಹಜರತಅಲಿ ಮಷಿನ್ನಿನ ಹಗ್ಗ ಎಳೆದ. ಮಷಿನ್ ಗರ್ರೆಂದು ಎದ್ದು ಹೊಗೆ ಬಿಟ್ಟಿತು. ಗೌರಕ್ಕ ಓಡಿ ಹೋಗಿ ಹಗ್ಗ ಹಿಡಿದು ನಿಂತಳು.

"ಒಂದ ಗಳಿಗಿ ತಡಿಯೋ ತಮ್ಮಾ! ನಮ್ಮ ಮನ್ಯಾಗ ಸಂಜೀತನ ತೂಗೇವಿ, ಒಂದ ಸಲ ತಪ್ಪಿಲ್ಲ ಇದು. ಇಲ್ಲಿ ಬಂದು ಯಾಕ ತಪ್ಪತೈತಿ?"

ಹಜರತಅಲಿ ಕೂಡಲೇ ಮಷಿನ್ ಬಂದ್ ಮಾಡಿದ. ತಡಿ ಅನ್ನುವವರಿಗಾಗಿಯೇ ಕಾದಿದ್ದವನ ಹಾಗೆ ಇತ್ತು ಅವನ ಮುಖ.

ಆಗಲೇ ಸಣ್ಣ ಜಿಟಿಜಿಟಿ ಹನಿ ಶುರುವಾಯಿತು. ಜೀಕುವವರು ಕೆಳಗಿಳಿದರು. ಬೆಳಗಿನಿಂದ ಓಣಿಯ ಮನೆಮನೆಗೆ ಹೋಗಿ ಹೆಂಗಸರಿಗೆಲ್ಲ ಬಳೆ ಇಡಿಸಿ ಬಂದಿದ್ದ ಲಾಲಬಿ, ಹನಿಗೆ ಸರಕು ನೆನೆಯಬಾರದೆಂದು ಗೋಡೆಯ ಬುಡಕ್ಕೆ ಬಂದು ಬಳೆಯ ಮಲಾರ ಇಳಿಸಿದಳು. ಉಳಿದ ಬಳೆಯ ಸರಗಳನ್ನು ಒಂದೊಂದೇ ಎತ್ತಿ ಜಾಡಿಸಿದಳು, ಝಲ್ ಝಲ್ ಎಂದವು.

ಡಬ್ಬಿ ಕೀಯೋ ಎಂದಿತು. ಜೋಕಾಲಿಯ ಮಣೆ ಖಾಲಿ ಇತ್ತು, ಸುಮ್ಮನೆ ನಿಂತಿತ್ತು.

ವಾಣಿಶ್ರೀ ಗಕ್ಕನೆ ತಿರುಗಿದಳು. "ಲಾಲಬಿ ಕಾಕೂ, ಇನ್ನೊಮ್ಮೆ ಜಾಡಸ್ರಿ."

ಝಲ್ ಎಂದವು ಬಳೆ. ಡಬ್ಬಿ ಒದರಿತು. ಲಾಲಬಿ ಸರ ಕೆಳಗಿಟ್ಟಳು. ಡಬ್ಬಿ ಬಾಯಿ ಮುಚ್ಚಿತು.

"ಬಳಿ!" ವಾಣಿಶ್ರೀ ಎರಡಡಿ ಮೇಲಕ್ಕೆ ಹಾರಿದಳು. "ಅಯ್ಯ ನನ್ನ ಹುಚ್ಚ ತಲಿಯೇ! ಗಾಜಿನ ಬಳಿ ಒಂದಕ್ಕೊಂದು ಬಡದ್ರ ನಮಗ ಕೇಳೂ ದನಿ ಅಷ್ಟ ಅಲ್ಲ, ಕೇಳದ ಏರು ದನಿನೂ ಹೊಂಡತಾವು. ನನ್ನ ಡಬ್ಬಿ ಜೋಕಾಲಿಗೆ ಕೂಗಿ ಕೇಳಾಕತ್ತಿತ್ತು, ನಿಮ್ಮ ಬಳಿ ನಡುವ ಅಡ್ಡಬಾಯಿ ಹಾಕಿ ಉತ್ತರ ಕೊಡಾಕತ್ತಿದ್ವು. ಉತ್ತರ ಲಗೂ ಬಂತು ಅಂತ ಅದು ಸನಿ ಐತಿ ಅಂತ ತಿಳಕೊಂಡು ಒದರಾಕತ್ತಿತ್ತು! ಅದಕ್ಕ ನೋಡ ಅತ್ತಿ, ನಮ್ಮ ಮನ್ಯಾಗ ಒಂದ ಸಲಾನೂ ತಪ್ಪಲಿಲ್ಲ. ನಮ್ಮ ಮನ್ಯಾಗ ಯಾರ ಕೈಯಾಗ..."

ಅಷ್ಟಕ್ಕೇ ನಿಂತಳು. ಅವಳ ಕಣ್ಣು ಗೌರಕ್ಕನ ಬರಿಗೈ ಮೇಲೆ ಬಿದ್ದಿತ್ತು.

"ಬಳಿ ಇಲ್ಲ ಅನ್ನ," ಎಂದು ಗೌರಕ್ಕನೇ ಮುಗಿಸಿದಳು. "ಇಲ್ಲ ಅಂದ್ರ ಇಲ್ಲ. ಅದರಾಗ ನಾಚಗಿ ಏನೈತಿ? ಮುಂದ ಏನ ಮಾಡೂದು ಹೇಳು."

ಮುಂದಿನದು ಸುಲಭವೆಂದುಕೊಂಡಿದ್ದರು. ವಾಣಿಶ್ರೀ ಮೊದಲು ಬಾಯಿ ತಪ್ಪಿ "ಎಲ್ಲಾರೂ ಬಳಿ ತಗದ ಇಡ್ರಿ" ಅಂದಳು. ಅಂದದ್ದೇ ತಡ, ಹುತ್ತಕ್ಕೆ ಕೋಲು ಹಾಕಿದಂತಾಯಿತು. ಪಂಚಮಿಯ ದಿನ, ಗಂಡ ಗಟ್ಟಿಮುಟ್ಟಾಗಿ ಮನೆಯಲ್ಲಿ ಉಂಡಿ ತಿನ್ನುತ್ತಿರುವಾಗ, ಬೆಳಿಗ್ಗೆ ಇಟ್ಟ ಹಸಿರು ಬಳೆ ಮಧ್ಯಾಹ್ನಕ್ಕೆ ತೆಗೆಯುವುದೇ? ಅಪಶಕುನ, ಅಪಶಕುನ! ಕಾಲೇಜಿನಲ್ಲಿ ಇದನ್ನೇ ಕಲಿಸುತ್ತೀಯೇನು ಎಂದು ಅವಳ ಮೇಲೆ ಎರಗಿದರು.

"ಆತ ಆತು, ತಗೀಬ್ಯಾಡ್ರಿ," ಎಂದು ಉಮಾಶ್ರೀ ಎಲ್ಲರನ್ನೂ ಸಮಾಧಾನ ಮಾಡಿದಳು. "ಹಾವೂ ಸಾಯಬಾರದು, ಕೋಲೂ ಮುರೀಬಾರದು. ಕೈಗೆ ಸೆರಗ ಸುತ್ತಕೋರಿ."

ಅದು ಎಲ್ಲರಿಗೂ ಒಪ್ಪಿತವಾಯಿತು. ಅಷ್ಟರಲ್ಲಿ ಹನಿಯೂ ನಿಂತಿತ್ತು. ಓಣಿಯ ಅಷ್ಟೂ ಹೆಂಗಸರು ಮುಂಗೈಗೆ ಸೆರಗು ಬಿಗಿದು ಸುತ್ತಿ, ಕೈ ಎದೆಗೆ ಒತ್ತಿ ನಿಂತರು. ಗಬ್ಬೂರಿನಲ್ಲಿ ಅಂಥ ಮೌನದ ಪಂಚಮಿಯನ್ನು ಯಾರೂ ಕಂಡಿರಲಿಲ್ಲ. ಡಬ್ಬಿ ಸುಮ್ಮನಿತ್ತು. ಆದರೆ ಉಮಾಶ್ರೀ ಮಣೆ ಹತ್ತಿದ ಕೂಡಲೇ ಹೊಸ ತೊಡಕು ಬಂತು. ಜೀಕುವವಳು ಕೈಗೆ ಸೆರಗು ಸುತ್ತಿದರೆ ಹಗ್ಗ ಜಾರುತ್ತದೆ. ಬಳೆಯ ಮೇಲೆ ಕರ್ಚೀಫು ಕಟ್ಟಿ ನೋಡಿದರು. ಎರಡು ಜೀಕಿಗೆ ಕರ್ಚೀಫು ಮೊಳಕೈಗೆ ಜಾರಿ, ಬಳೆ ಝಲ್ಲೆಂದು, ಡಬ್ಬಿ ಒದರಿತು. ವಾಣಿಶ್ರೀಯ ಕೈಯಲ್ಲೂ ಬಳೆ ಇರಲಿಲ್ಲ, ಆದರೆ ಅವಳು ಡಬ್ಬಿ ಬಿಟ್ಟು ಕದಲುವಂತಿರಲಿಲ್ಲ.

"ಬಳಿ ಇಲ್ಲದಾಕಿ ನಾ ಅದೇನಿ!" ಎಂದು ವಾಣಿಶ್ರೀಯ ಗೆಳತಿ ಸ್ನೇಹಲ್ ಮುಂದೆ ಬಂದಳು. ಜೀನ್ಸ್ ಪ್ಯಾಂಟಿನ ಹುಡುಗಿ, ಕೈಯಲ್ಲಿ ಬರೀ ರಬ್ಬರಿನ ವಾಚು. ಉತ್ಸಾಹವೇನೋ ಬೆಟ್ಟದಷ್ಟಿತ್ತು. ಆದರೆ ಜೋಕಾಲಿ ಆಳೆತ್ತರ ಹೋಗುವುದರೊಳಗೆ "ಇಳಸ್ರಿ, ಯವ್ವಾ, ಇಳಸ್ರಿ" ಎಂದು ಕಣ್ಣು ಮುಚ್ಚಿ ಹಗ್ಗವನ್ನು ಅಪ್ಪಿಕೊಂಡಳು. ಪಟ್ಟಿಯ ಮೇಲಿನ ಅಂಕಿ ಹದಿನಾಲ್ಕಕ್ಕೇ ನಿಂತಿತು.

"ಇದು ಜೀಕಲ್ಲ, ತೊಟ್ಟಿಲ ತೂಗಿದಂಗಾತು," ಅಂದ ಕುಬೇರಪ್ಪ. ಈ ಸಲ ಅವನ ಮಾತಿನಲ್ಲಿ ನ್ಯಾಯವಿತ್ತು. "ನಾ ಹೇಳಿದ್ದು ಎಷ್ಟ ಮ್ಯಾಲೆ ಜೀಕಿದ್ರೂ ಅಂತ. ಈ ಮರಕ್ಕ ಆಗೂವಷ್ಟ ಮ್ಯಾಲೆ ಜೀಕಿ ತೋರಸ್ರಿ. ಅಷ್ಟ ಜೀಕಾಕಿಗೆ ಬಳಿ ಇರತಾವು, ಬಳಿ ಇಲ್ಲದಾಕಿಗೆ ಜೀಕಾಕ ಬರೂದಿಲ್ಲ. ಏನ ಮಾಡೂದು? ನಾ ಅರೆ ಎಷ್ಟಂತ ಕಾಯಲಿ?"

ಉಮಾಶ್ರೀ ಮಾವನ ಎದುರಿಗೇ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು.

"ಜೀಕಾಕ ಬಂದು, ಬಳಿ ಇಲ್ಲದಾಕಿ ಒಬ್ಬಾಕಿ ಅದಾಳ ಮಾವಾರ. ನನಗ ಈ ಮರದಾಗ ಜೀಕೂದು ಕಲಿಸಿದಾಕಿನೂ ಆಕೀನ. ಕೆಳಗ ನಿಂತ ಕಲಿಸಿದಳು, ತಾ ಒಮ್ಮೆನೂ ಹತ್ತಲಿಲ್ಲ. ಗೌರಕ್ಕತ್ತಿ ಹತ್ತಲಿ."

ಎಲ್ಲರ ಕಣ್ಣೂ ಗೌರಕ್ಕನ ಮೇಲೆ ಬಿದ್ದವು. ಇಷ್ಟು ವರ್ಷ ಅವಳು ಯಾವ ಕಣ್ಣಿಗೆ ಅಂಜಿ ಹಿಂದೆ ಸರಿದಿದ್ದಳೋ ಆ ಅಷ್ಟೂ ಕಣ್ಣು.

"ನಾ ಒಲ್ಲೆವ್ವಾ," ಅಂದಳು. "ಹಬ್ಬದ ದಿನ, ಮುತ್ತೈದೇರ ಜೋಕಾಲಿ. ನನ್ನ ಮೊಳಕಾಲರೆ ಎಲ್ಲಿ ಬಗ್ಗತಾವು ಈಗ?"

ಸುಳ್ಳು, ಶುದ್ಧ ಸುಳ್ಳು. ದಿನಕ್ಕೆ ಎರಡು ನೂರು ರೊಟ್ಟಿ ಬಡಿಯುವವಳ ಮೈ ಅದು. ಒಳಗೆ ಅವಳ ಮನಸ್ಸು ಆಗಲೇ ಮಣೆಯ ಮೇಲೆ ಹೋಗಿ ನಿಂತುಬಿಟ್ಟಿತ್ತು, ಅದೇ ಅವಳಿಗೆ ಭಯ. ಆಸೆ ಅಷ್ಟು ಜೋರಾಗಿ ಇನ್ನೂ ಜೀವಂತ ಇದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕುಬೇರಪ್ಪ ಕೆಮ್ಮಿದ, ನೆಲ ನೋಡಿದ. "ಗೌರಕ್ಕ ಹತ್ತೂದಂದ್ರ... ಓಣ್ಯಾಗ ನಾಕ ಮಂದಿ ಏನಂತಾರ..."

"ಆ ನಾಕ ಮಂದಿ ಎಲ್ಲೆದಾರ ತೋರಸ್ರಿ ಸಾಹುಕಾರ," ಅಂದಳು ಲಾಲಬಿ ಕೂತಲ್ಲಿಂದಲೇ. "ಓಣಿಯೆಲ್ಲಾ ಇಲ್ಲೇ ನಿಂತೈತಿ. ಯಾರರೆ ಬ್ಯಾಡ ಅಂತೀರೇನವ್ವಾ?"

ಯಾರೂ ಬ್ಯಾಡ ಅನ್ನಲಿಲ್ಲ. ಸೆರಗು ಸುತ್ತಿದ ಕೈಗಳು ಎದೆಯ ಮೇಲೇ ಇದ್ದವು. ಗುಂಪಿನ ಹಿಂದಿನಿಂದ ಒಂದು ಮುದುಕಿಯ ದನಿ ಬಂತು, "ಹತ್ತ ಗೌರಾ." ಇನ್ನೊಂದು ದನಿ "ಹತ್ತ" ಅಂದಿತು. ಆಮೇಲೆ ಎಷ್ಟು ಜನ ಅಂದರೋ ಲೆಕ್ಕವಿಲ್ಲ.

ವರ್ಷಾನುಗಟ್ಟಲೆ ಯಾರೂ ಅನ್ನದ ಮಾತು ಅದು. ಗೌರಕ್ಕ ಚಪ್ಪಲಿ ಬಿಟ್ಟಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಮಣೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಹತ್ತಿ ನಿಂತಳು. ಹಜರತಅಲಿ ಮಷಿನ್ ಅಲ್ಲೇ ಬಿಟ್ಟು ಓಡಿ ಬಂದು ಹಿಂದಿನಿಂದ ಮಣೆ ಎಳೆದು ಬಿಟ್ಟ.

ಮೊದಲ ಜೀಕಿಗೆ ಮೊಳಕಾಲು ಖರೇನೇ ಕಟ್ ಎಂದಿತು. ಎರಡನೆಯದಕ್ಕೆ ಗಾಳಿ ಮುಖಕ್ಕೆ ಬಡಿಯಿತು. ಮೂರನೆಯದಕ್ಕೆ ಮೈಗೆ ಎಲ್ಲ ನೆನಪಾಯಿತು. ಹಿಂದೆ ಹೋದಾಗ ಬಗ್ಗಬೇಕು, ಮುಂದೆ ಬರುವಾಗ ಏಳಬೇಕು, ಹಗ್ಗವನ್ನು ತನ್ನ ಕಡೆಗೆ ಎಳೆದು ಎದೆ ಕೊಡಬೇಕು.

"ಹದಿನೇಳು!" ವಾಣಿಶ್ರೀ ಕೂಗಲು ಶುರು ಮಾಡಿದಳು. "ಹದಿನೈದು! ಹದಿಮೂರು!"

ಸ್ನೇಹಲ್ ನಿಂತ ಅಂಕಿ ದಾಟಿತು. ಡಬ್ಬಿ ಸುಮ್ಮನಿತ್ತು. ಯಾರ ಕಿವಿಗೂ ಕೇಳದಂತೆ ಅದು ಕೂಗುತ್ತಿತ್ತು, ಆ ಕೂಗು ಬಂದು ತನ್ನ ಅಂಗಾಲಿಗೆ, ಮಣೆಗೆ ತಾಕಿ ಹೊಳ್ಳುತ್ತ ಇರಬೇಕೆಂದು ಗೌರಕ್ಕನಿಗೆ ಅನಿಸಿತು. ಅಂಗಾಲು ಕಚಗುಳಿ ಇಟ್ಟಂತಾಯಿತು.

"ಹನ್ನೊಂದು! ಹತ್ತು! ಒಂಬತ್ತೂವರಿ!"

ಗೋಡೆ ಹತ್ತಿರ ಬರುತ್ತಿತ್ತು, ಹೋಗುತ್ತಿತ್ತು. ಹಸಿ ಸಿಮೆಂಟಿನ ವಾಸನೆ ಒಮ್ಮೆ ಮೂಗಿಗೆ, ಮರುಕ್ಷಣ ಹುಣಸೆ ಎಲೆಯ ವಾಸನೆ. ಟೊಂಗೆ ಕಿರ್ ಕಿರ್ ಅಂದಿತು, ಗಂಟು ಅವಳದೇ, ಅದರ ಚಿಂತೆ ಅವಳಿಗಿರಲಿಲ್ಲ. ಕೆಳಗಿನ ಹೆಂಗಸರು ಚಪ್ಪಾಳೆ ಹೊಡೆಯುವಂತಿಲ್ಲ, ಕೈ ಎತ್ತುವಂತಿಲ್ಲ, ಅದಕ್ಕೆ ನಿಂತಲ್ಲೇ ಕಾಲು ಕುಟ್ಟುತ್ತಿದ್ದರು.

"ಎಂಟೂವರಿ! ಎಂಟು!"

"ಇನ್ನಾ ಜೀಕ ಗೌರಕ್ಕಾ!" ಈ ಕೂಗು ಯಾರದೆಂದು ಎಲ್ಲರೂ ತಿರುಗಿ ನೋಡಿದರು. ಕುಬೇರಪ್ಪ! ಕುರ್ಚಿಯ ಮೇಲೆ ಹತ್ತಿ ನಿಂತಿದ್ದ, ರುಮಾಲು ಭುಜಕ್ಕೆ ಬಿದ್ದಿತ್ತು, ಯಾವ ಕಡೆಗೆ ತಾನು ಎನ್ನುವುದು ಅವನಿಗೆ ಮರೆತೇಹೋಗಿತ್ತು. "ಅಂಕಿ ಇಳ್ಯಾಕತ್ತೈತಿ, ಜೀಕವ್ವಾ, ಜೀಕು!"

ಜೀಕಿದಳು. ಮೈಯಲ್ಲಿದ್ದದ್ದನ್ನೆಲ್ಲ ಹಾಕಿ ಜೀಕಿದಳು. ತುದಿಯಲ್ಲಿ ಹಗ್ಗ ನೆಲಕ್ಕೆ ಸಮನಾಗಿ ಮಲಗಿತು, ಒಂದು ಕ್ಷಣ ಬಿಗಿ ತಪ್ಪಿ ಸಡಿಲಾಯಿತು, ಮಣೆ ಕಾಲ ಕೆಳಗಿಂದ ಬಿಟ್ಟಂತಾಗಿ ಮತ್ತೆ ಹಿಡಿಯಿತು. ಅದರ ಮೇಲೆ ಜೋಕಾಲಿಗೆ ಹೋಗಲು ಜಾಗವೇ ಇಲ್ಲ. ಯಾವ ಕಾಲದ ಯಾವ ಹುಡುಗಿಯೂ ಈ ಮರಕ್ಕೆ ಅದಕ್ಕಿಂತ ಮೇಲೆ ಜೀಕಲಾರಳು ಎಂದು ಗೌರಕ್ಕನಿಗೆ ಗೊತ್ತಿತ್ತು, ಯಾಕೆಂದರೆ ಹಿಂದೆ ಅಲ್ಲಿಯವರೆಗೆ ಹೋಗಿ ಬಂದವಳು ಅವಳೇ.

"ಏಳು!" ಎಂದು ಚೀರಿದಳು ವಾಣಿಶ್ರೀ. ಮತ್ತೆ ಹೋಗಿ ಬಂದಳು. "ಏಳು!" ಇನ್ನೊಮ್ಮೆ. "ಏಳು ಕಾಕಾ, ಏಳು! ಏಳರ ಕೆಳಗ ಇಳ್ಯಾಕ ಒಲ್ಲದು!"

ಡಬ್ಬಿ ತುಟಿಪಿಟಕ್ಕೆನ್ನಲಿಲ್ಲ. ಕುಬೇರಪ್ಪ ಬಗ್ಗಿ ಪಟ್ಟಿಗೆ ಮೂಗು ಹಚ್ಚಿ, ಕನ್ನಡಕ ಒರೆಸಿ, ಮತ್ತೆ ನೋಡಿದ. ಕೆಂಪು ಏಳು ಅಲ್ಲೇ ಕೂತಿತ್ತು. ಅವನು ಮೇಲೆದ್ದು ಹಜರತಅಲಿಯ ಕಡೆ ತಿರುಗಿದ.

"ಮಷಿನ್ ಒಳಗಿಡೋ. ಒಂದಡಿ ಹೆಚ್ಚಿಗೆ ಉಳದೈತಿ. ಮುಂದಿನ ವರ್ಷಾನೂ ಜೋಕಾಲಿ ಇಲ್ಲೇ."

ಅಷ್ಟು ಕೇಳಿದ್ದೇ ಸಾಕಾಯಿತು. ಉಮಾಶ್ರೀ ಕೈಗೆ ಸುತ್ತಿದ ಸೆರಗು ಕಿತ್ತೆಸೆದು ಎರಡೂ ಕೈ ಮೇಲೆತ್ತಿದಳು. ಅವಳ ಹಿಂದೆ ಓಣಿಯ ಅಷ್ಟೂ ಹೆಂಗಸರು ಸೆರಗು ಬಿಚ್ಚಿ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಇಷ್ಟು ಹೊತ್ತು ಬಾಯಿ ಕಟ್ಟಿದ್ದ ಬಳೆಗಳು ಒಂದೇ ಸಲಕ್ಕೆ ಝಲ್ಲೆಂದವು. ಗೋಡೆಯ ಮೇಲಿನ ಡಬ್ಬಿಗೆ ಹುಚ್ಚು ಹಿಡಿಯಿತು. ಪಟ್ಟಿಯ ಮೇಲೆ ಅಂಕಿಗಳು ಎರಡು, ಒಂದು, ಮೂರು ಎಂದು ಬೇಕಾದಂತೆ ಕುಣಿದವು. ಡಬ್ಬಿ ಕೀಯೋ ಕೀಯೋ ಎಂದು ಬೈಪಾಸಿನ ಲಾರಿಗಳಿಗೂ ಕೇಳುವಂತೆ ಒದರತೊಡಗಿತು.

ಲಾಲಬಿ ಮಲಾರದಿಂದ ಹಸಿರು ಬಳೆಯ ಒಂದು ಸರ ಎತ್ತಿ ಜೋಕಾಲಿಯತ್ತ ಹಿಡಿದಳು. "ಇಳೀ ಗೌರಕ್ಕ, ಇಳೀ. ಇವತ್ತ ನಿನ್ನ ಕೈಗೆ ನಾ ಬಳಿ ಇಡಾಕೀನ!"

"ಆಮ್ಯಾಲೆ!" ಎಂದು ಮೇಲಿನಿಂದ ಉತ್ತರ ಬಂತು. "ಈಗ ಕೈ ಖಾಲಿ ಇಲ್ಲ!"

ವಾಣಿಶ್ರೀ ನಗುತ್ತ, ಅಳುತ್ತ, ಡಬ್ಬಿಯ ಬಾಯಿ ಮುಚ್ಚಿಸಲು ಏಣಿಯ ಕಡೆಗೆ ಓಡಿದಳು. ಒಂದು ಮೆಟ್ಟಿಲೂ ಹತ್ತಿರಲಿಲ್ಲ, ತಲೆಯ ಮೇಲಿಂದ ಗೌರಕ್ಕನ ಸೀರೆಯ ಗಾಳಿ ಬೀಸಿ ಹೋಯಿತು.

"ಬಂದ್ ಮಾಡಬ್ಯಾಡ ವಾಣೀ," ಎಂದು ಗೌರಕ್ಕ ಮೇಲಿನಿಂದ ಕೂಗಿದಳು. "ಒದರಲಿ ಬಿಡು."